ಕಡಲಲ್ಲಿ ದುಡಿಮೆ, ದಡದಲ್ಲಿ ಮನೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಆ ಹೊತ್ತಿಗೆ ಲೋಕಲ್ ರೈಲಿನಲ್ಲಿದ್ದು ಕೇಳಲಾಗದವರಿಗಾಗಿ ಮತ್ತು ಇನ್ನೊಮ್ಮೆ ಓದಬೇಕೆಂದು ಬರೆದವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ಕಳೆದ ತಿಂಗಳು ಡೊಂಬಿವಲಿಯಿಂದ ನಮಗೊಂದು ಪತ್ರ ಬಂತು. ಬರೆದವರು ನಮ್ಮ ಕಾರ್ಯಕ್ರಮವನ್ನು ಬಹಳ ವರ್ಷಗಳಿಂದ ಕೇಳುತ್ತಿರುವ ಒಬ್ಬ ಗೃಹಿಣಿ. ಸಾಮಾನ್ಯವಾಗಿ ಅವರು ಹಳೆಯ ಹಾಡುಗಳನ್ನು ಕೇಳಿ ಬರೆಯುತ್ತಾರೆ. ಈ ಸಲ ಹಾಡು ಕೇಳಿರಲಿಲ್ಲ. ಮಕ್ಕಳ ರಜೆಯಲ್ಲಿ ಅಂಡಮಾನಿಗೆ ಹೋಗಿ ಬಂದಿದ್ದರಂತೆ. ಹಿಂದೆ ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದ, 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರಾದ ಕಡೆ ಉಳಿದಿದ್ದರಂತೆ. ಒಂದು ಸಂಜೆ ನೀರು ಇಳಿದಿದ್ದಾಗ ಕಡಲೊಳಗಿಂದ ಒಂದು ಹಾವು ಹರಿದು ಬಂದು ಬಂಡೆ ಹತ್ತತೊಡಗಿತು. ಮೈತುಂಬ ಕಪ್ಪು ಪಟ್ಟೆ, ಬಾಯಿಯ ಸುತ್ತ ಹಳದಿ. ಜನ ಸೇರಿದರು, ಗಲಾಟೆಯಾಯಿತು. ಇವರ ಮಗ ಕೈಗೆ ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ದೋಣಿಯವನೊಬ್ಬ ಹಿಂದಿಯಲ್ಲಿ ಕೂಗಿದನಂತೆ: "ಜಾನೇ ದೋ ಭಾಯಿ, ಘರ್ ಜಾ ರಹಾ ಹೈ!" ಹೋಗಲಿ ಬಿಡಿ, ಅದು ಮನೆಗೆ ಹೋಗ್ತಿದೆ, ಅಂತ.

ಮಗ ಕಲ್ಲು ಕೆಳಗಿಟ್ಟ. ಆದರೆ ತಾಯಿಗೆ ಸಮಾಧಾನವಾಗಲಿಲ್ಲ. ಪತ್ರದ ಕೊನೆಯಲ್ಲಿ ಅವರು ಕೇಳಿದ್ದು ಮೂರು ಪ್ರಶ್ನೆ. ಕಡಲ ಹಾವಿಗೆ ದಡದಲ್ಲಿ ಏನು ಕೆಲಸ? ಅದಕ್ಕೆ ವಿಷ ಇದೆಯೇ? ವಿಷ ಇದ್ದರೆ, ನಾವು ಅದನ್ನು ಬಿಟ್ಟು ಬಂದದ್ದು ಸರಿಯೇ? ನಾಳೆ ಅದು ಬೇರೆ ಯಾರದೋ ಮಗುವಿಗೆ ಕಚ್ಚಿದರೆ ಆ ಪಾಪ ಯಾರಿಗೆ?

ಈ ಕೊನೆಯ ಪ್ರಶ್ನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ನಾನು ಓದಿದ್ದು ಕನ್ನಡ ಬಿ.ಎ. ಷಟ್ಪದಿಗೆ ಪ್ರಸ್ತಾರ ಹಾಕಲು ಬರುತ್ತದೆ, ಹಾವಿನ ಹಲ್ಲು ಎಣಿಸಲು ಬರುವುದಿಲ್ಲ. ಆದರೂ ಪುಸ್ತಕಗಳನ್ನು ತೆರೆದು ಕೂತೆ. ಓದುತ್ತಾ ಹೋದಂತೆ ಆ ದೋಣಿಯವನು ಆಡಿದ ಮಾತು ಎಷ್ಟು ನಿಜ ಎಂದು ನನಗೇ ಆಶ್ಚರ್ಯವಾಯಿತು. ಅದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲು ಒಂದು ನೆನಪು. ನನ್ನ ಅಜ್ಜಿಯ ಮನೆ ಕುಮಟಾದ ಕಡೆ, ಕಡಲಿಗೆ ಹತ್ತಿರ. ಚಿಕ್ಕವರಿದ್ದಾಗ ರಂಪಣಿ ಬಲೆ ಎಳೆಯುವುದನ್ನು ನೋಡಲು ಓಡುತ್ತಿದ್ದೆವು. ಬಲೆ ದಡಕ್ಕೆ ಬಂದಾಗ ಬಂಗುಡೆ, ತಾರ್ಲೆಗಳ ನಡುವೆ ಒಂದೊಂದು ಸಲ ಹಾವೂ ಇರುತ್ತಿತ್ತು. ದೊಡ್ಡವರು ಅದನ್ನು ಕೋಲಿನಿಂದ ಎತ್ತಿ ನೀರಿಗೆ ಎಸೆಯುತ್ತಿದ್ದರು. "ಕಡಲ ಹಾವಿಗೆ ವಿಷ ಇಲ್ಲ ಮಾರಾಯ, ಅದು ಬರೀ ಮೀನು" ಎಂದು ಒಬ್ಬರು ಹೇಳಿದರೆ, "ಕಚ್ಚಿದರೆ ನೀರು ಕೇಳುವುದಿಲ್ಲ" ಎಂದು ಇನ್ನೊಬ್ಬರು ಹೇಳುತ್ತಿದ್ದರು. ಯಾರ ಮಾತು ನಿಜ ಎಂದು ನಮಗೆ ಯಾರೂ ಹೇಳಲಿಲ್ಲ. ಈಗ ನೋಡಿದರೆ ಎರಡನೆಯವರೇ ಸರಿ. ಆದರೆ ಅಂಡಮಾನಿನ ಆ ಹಾವಿನ ಕಥೆ ನಮ್ಮ ರಂಪಣಿ ಬಲೆಯ ಹಾವಿನ ಕಥೆಯಲ್ಲ. ಇಲ್ಲಿಂದಲೇ ಶುರು ಮಾಡೋಣ.

ಕಡಲಲ್ಲಿ ಬಾಳುವ ವಿಷದ ಹಾವುಗಳಲ್ಲಿ ಎರಡು ಬಳಗಗಳಿವೆ. ಎರಡೂ ನಮ್ಮ ನಾಗರಹಾವು, ಕಟ್ಟುಹಾವುಗಳ ದೊಡ್ಡ ಕುಟುಂಬಕ್ಕೇ ಸೇರಿದವು. ಎರಡರ ಪೂರ್ವಜರೂ ನೆಲದ ಮೇಲಿದ್ದವರು. ಆದರೆ ಈ ಎರಡು ಬಳಗಗಳು ಕಡಲಿಗೆ ಇಳಿದದ್ದು ಬೇರೆ ಬೇರೆಯಾಗಿ.

ಒಂದು ಬಳಗ ಪೂರ್ತಿ ಕಡಲಿನದ್ದೇ ಆಗಿಹೋಯಿತು. ಅದರಲ್ಲಿ 60ಕ್ಕೂ ಹೆಚ್ಚು ಜಾತಿಗಳಿವೆ. ಅವು ನೀರಲ್ಲೇ ಕೂಡುತ್ತವೆ, ನೀರಲ್ಲೇ ಮರಿ ಹಾಕುತ್ತವೆ. ನೆಲದ ಹಾವು ಹರಿಯಲು ಬಳಸುವ ಹೊಟ್ಟೆಯ ಅಗಲವಾದ ಹುರುಪೆಗಳು ಇವುಗಳಲ್ಲಿ ಬಹುಮಟ್ಟಿಗೆ ಸವೆದುಹೋಗಿವೆ. ಆದ್ದರಿಂದ ಅಲೆಗೆ ಸಿಕ್ಕಿ ಮರಳಿಗೆ ಬಿದ್ದರೆ ಹೆಚ್ಚಿನವು ಹೊರಳಾಡುತ್ತವೆಯೇ ಹೊರತು ಮುಂದೆ ಹೋಗಲಾರವು. ನಮ್ಮ ಪಶ್ಚಿಮ ಕರಾವಳಿಯಲ್ಲಿ, ಅಂದರೆ ಮುಂಬಯಿಯಿಂದ ಮಂಗಳೂರಿನವರೆಗೆ ಬಲೆಗೆ ಬೀಳುವುದು ಈ ಬಳಗದ ಹಾವುಗಳು.

ಇನ್ನೊಂದು ಬಳಗ ಚಿಕ್ಕದು. ಅದರಲ್ಲಿ ಇರುವುದು 8 ಜಾತಿಗಳು ಮಾತ್ರ. ವಿಜ್ಞಾನಿಗಳು ಇದಕ್ಕೆ ಲ್ಯಾಟಿಕಾಡಾ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅಗಲ ಬಾಲ ಎಂದು ಅರ್ಥ. ಇಂಗ್ಲಿಷಿನವರು ಸೀ ಕ್ರೈಟ್ ಎಂದರು. ನಾವು ಕಡಲ ಕಟ್ಟುಹಾವು ಎನ್ನೋಣ. ನಮ್ಮ ಕೇಳುಗರು ಅಂಡಮಾನಿನಲ್ಲಿ ಕಂಡದ್ದು ಇದರದ್ದೇ ಒಂದು ಜಾತಿ, ಲ್ಯಾಟಿಕಾಡಾ ಕೊಲುಬ್ರಿನಾ, ಹಳದಿ ತುಟಿಯ ಕಡಲ ಕಟ್ಟುಹಾವು. ಜರ್ಮನಿಯ ಶ್ನೈಡರ್ ಎಂಬ ವಿದ್ವಾಂಸ 1799ರಲ್ಲೇ ಇದನ್ನು ವರ್ಣಿಸಿದ್ದ. ಬಂಗಾಳ ಕೊಲ್ಲಿಯ ಕಡೆಯಿಂದ ಹಿಡಿದು ಇಂಡೋನೇಷ್ಯಾ, ಫಿಲಿಪ್ಪೀನ್ಸ್ ದಾಟಿ ದೂರದ ಫಿಜಿಯವರೆಗೂ ಇದರ ಸಂಸಾರ ಹರಡಿದೆ.

ಈ ಹಾವನ್ನು ಕೊಂಚ ಹತ್ತಿರದಿಂದ ನೋಡೋಣ. ಮಾತಿನಲ್ಲಿ ಮಾತ್ರ, ಹೆದರಬೇಡಿ. ಮೈ ನೀಲಿ ಬೂದು ಬಣ್ಣ, ಅದರ ಮೇಲೆ ಕಪ್ಪು ಬಳೆ ತೊಡಿಸಿದಂತೆ ಪಟ್ಟೆಗಳು. ಹೆಣ್ಣು ಗಂಡಿಗಿಂತ ಸಾಕಷ್ಟು ದೊಡ್ಡದು. ಬೆಳೆದ ಹೆಣ್ಣು ಒಂದೂವರೆ ಮೀಟರ್ ಹತ್ತಿರ ಬರುತ್ತದೆ. ಗಂಡು ಸಾಮಾನ್ಯವಾಗಿ ಒಂದು ಮೀಟರಿನ ಒಳಗೇ ನಿಲ್ಲುತ್ತದೆ.

ಬಾಲ ನೋಡಿದರೆ ದೋಣಿಯ ಹುಟ್ಟಿನಂತೆ ಚಪ್ಪಟೆ. ಅದು ಕಡಲಿಗಾಗಿ. ಹೊಟ್ಟೆ ನೋಡಿದರೆ ನೆಲದ ಹಾವಿನಂತೆಯೇ ಅಗಲವಾದ ಹುರುಪೆಗಳು. ಅದು ನೆಲಕ್ಕಾಗಿ. ಪೂರ್ತಿ ಕಡಲಿನ ಹಾವುಗಳಿಗೆ ಮೂಗಿನ ಹೊಳ್ಳೆಗಳು ತಲೆಯ ಮೇಲ್ಭಾಗಕ್ಕೆ ಸರಿದಿವೆ, ಇದಕ್ಕೆ ಇನ್ನೂ ನೆಲದ ಹಾವಿನಂತೆ ಪಕ್ಕದಲ್ಲೇ ಇವೆ. ಒಂದೇ ಮೈಯಲ್ಲಿ ಎರಡು ಊರಿನ ಗುರುತು. ಮುಂಬಯಿ ಕನ್ನಡಿಗರಾದ ನಮ್ಮ ಮಾತಿನ ಹಾಗೆ ಎನ್ನಬಹುದು. ನಾವು ಮಾತಾಡುವುದು ಕನ್ನಡ, ಆದರೆ ಅದರ ನಡುವೆ "ಚಲೇಗಾ" ಇಣುಕುತ್ತದೆ.

ಇದಕ್ಕೆ ಕಿವಿರುಗಳಿಲ್ಲ. ನಮ್ಮಂತೆಯೇ ಗಾಳಿ ಉಸಿರಾಡಬೇಕು. ಮೈಯುದ್ದಕ್ಕೂ ಚಾಚಿಕೊಂಡ ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡು ಮುಳುಗುತ್ತದೆ, ಅರ್ಧ ಗಂಟೆಯವರೆಗೂ ಕೆಳಗಿದ್ದು ಮತ್ತೆ ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತದೆ. ಕೆಳಗೆ ಅದು ಹುಡುಕುವುದು ಒಂದನ್ನೇ, ಹಾವುಮೀನು. ಹವಳದ ಬಂಡೆಯ ಬಿರುಕುಗಳಲ್ಲಿ ಅಡಗುವ, ಉದ್ದ ಮೈಯ, ಬಲವಾದ ದವಡೆಯ ಮೀನು ಅದು. ಫಿಜಿಯಲ್ಲಿ ನಡೆದ ಅಧ್ಯಯನಗಳಿಂದ ಒಂದು ಸ್ವಾರಸ್ಯ ತಿಳಿದಿದೆ. ಗಂಡು ಹಾವುಗಳು ಕಡಿಮೆ ಆಳದಲ್ಲಿ ಮೋರೆ ಎಂಬ ಜಾತಿಯ ಚಿಕ್ಕ ಹಾವುಮೀನುಗಳನ್ನು ಹಿಡಿಯುತ್ತವೆ. ದೊಡ್ಡ ಮೈಯ ಹೆಣ್ಣುಗಳು ಆಳಕ್ಕೆ ಹೋಗಿ ಕಾಂಗರ್ ಎಂಬ ದೊಡ್ಡ ಹಾವುಮೀನನ್ನು ಹಿಡಿಯುತ್ತವೆ. ಗಂಡ ಹೆಂಡಿರ ನಡುವೆ ತಟ್ಟೆಯ ಜಗಳವಿಲ್ಲ.

ಬಿರುಕಿನೊಳಗೆ ತಲೆ ತೂರಿಸಿ ಹುಡುಕುವಾಗ ಹಿಂದಿನಿಂದ ಯಾರಾದರೂ ಬಂದರೆ? ಅದಕ್ಕೂ ಉಪಾಯವಿದೆ. ಬಾಲದ ಬಣ್ಣ ಹೆಚ್ಚುಕಡಿಮೆ ತಲೆಯ ಬಣ್ಣದಂತೆಯೇ ಇದೆ. ತಲೆ ಒಳಗಿದ್ದಾಗ ಬಾಲವನ್ನು ಕೊಂಚ ತಿರುಗಿಸಿ ಆಡಿಸುತ್ತದೆ. ನೋಡುವವರಿಗೆ ಅಲ್ಲೂ ಒಂದು ತಲೆ, ಅದು ನಮ್ಮನ್ನೇ ನೋಡುತ್ತಿದೆ ಅನ್ನಿಸಬೇಕು. ರಾಸ್ಮುಸೆನ್ ಮತ್ತು ಎಲ್ಮ್‌ಬೆರ್ಗ್ ಎಂಬ ಇಬ್ಬರು ವಿಜ್ಞಾನಿಗಳು 2009ರಲ್ಲಿ ಇದನ್ನು ಬರೆದರು. ನಮ್ಮ ಊರುಗಳಲ್ಲಿ ಮಣ್ಣುಮುಕ್ಕ ಹಾವನ್ನು ಎರಡು ತಲೆ ಹಾವು ಎಂದು ಕರೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಯುಕ್ತಿ.

ಈಗ ವಿಷದ ಮಾತು. ಹೌದು, ಇದಕ್ಕೆ ವಿಷವಿದೆ, ಬಹಳ ಬಲವಾದ ವಿಷ. ಅದರ ಕೆಲಸ ಹೀಗೆ. ನಾವು ಕೈ ಎತ್ತಬೇಕು ಅಂದುಕೊಂಡಾಗ ನರದ ತುದಿಯಿಂದ ಒಂದು ರಾಸಾಯನಿಕ ಹೊರಟು ಸ್ನಾಯುವಿನ ಮೇಲಿನ ಒಂದು ಗ್ರಾಹಕಕ್ಕೆ ತಾಗುತ್ತದೆ. ಬೀಗಕ್ಕೆ ಕೀಲಿ ಹಾಕಿದ ಹಾಗೆ. ಆಗ ಸ್ನಾಯು ಕುಗ್ಗುತ್ತದೆ, ಕೈ ಏಳುತ್ತದೆ. ಈ ಹಾವಿನ ವಿಷ ಬೇರೆ ಕೀಲಿಯಂತೆ ಆ ಬೀಗದಲ್ಲಿ ಹೋಗಿ ಕೂತುಬಿಡುತ್ತದೆ. ತಿರುಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ನರ ಎಷ್ಟು ಕೂಗಿದರೂ ಸ್ನಾಯುವಿಗೆ ಕೇಳಿಸುವುದಿಲ್ಲ. ಉಸಿರಾಟದ ಸ್ನಾಯುಗಳೂ ಹೀಗೆ ನಿಂತರೆ ಪ್ರಾಣ ಹೋಗುತ್ತದೆ.

ಇದರ ಹತ್ತಿರದ ಸಂಬಂಧಿ ಜಪಾನಿನ ದಕ್ಷಿಣ ದ್ವೀಪಗಳಲ್ಲಿದೆ. ಅಲ್ಲಿ ಅದನ್ನು ಎರಾಬು ಹಾವು ಎನ್ನುತ್ತಾರೆ. ಅದರ ವಿಷದಿಂದ ಟಮಿಯಾ ಮತ್ತು ಅರಾಯ್ ಎಂಬವರು 1966ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ವಸ್ತುವಿಗೆ ಎರಾಬುಟಾಕ್ಸಿನ್ ಎಂದೇ ಹೆಸರು. ಕೇವಲ 62 ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಸ್ನಾಯುವಿನ ಆ ಗ್ರಾಹಕಗಳನ್ನು ಅರ್ಥಮಾಡಿಕೊಳ್ಳಲು ಇಂಥ ಹಾವಿನ ವಿಷಗಳೇ ವಿಜ್ಞಾನಿಗಳಿಗೆ ಉಪಕರಣವಾದವು.

ಒಂದು ಪುಟ್ಟ ಹಾವಿಗೆ ಇಷ್ಟು ಬಲವಾದ ವಿಷ ಯಾಕೆ ಬೇಕು? ಉತ್ತರ ಆ ಬಿರುಕಿನಲ್ಲಿದೆ. ನೆಲದ ಹಾವು ಇಲಿಯನ್ನು ಕಚ್ಚಿ ಬಿಟ್ಟರೆ ವಾಸನೆ ಹಿಡಿದು ಹಿಂಬಾಲಿಸಬಹುದು. ನೀರಿನಲ್ಲಿ ಕಚ್ಚಿಸಿಕೊಂಡ ಮೀನು ಜಾರಿ ಆಳದ ಬಿರುಕಿಗೆ ಹೋದರೆ ಊಟ ಕೈತಪ್ಪಿದಂತೆ. ಮೇಲಾಗಿ ಹಾವುಮೀನಿನ ದವಡೆಯೂ ಸಾಮಾನ್ಯವಲ್ಲ. ಅದು ತಿರುಗಿ ಕಚ್ಚುವ ಮೊದಲೇ ನಿಶ್ಚಲವಾಗಬೇಕು. ಹಾವುಮೀನೂ ಸುಮ್ಮನೆ ಕೂತಿಲ್ಲ. ಹೀಟ್‌ವೋಲ್ ಮತ್ತು ಪೋರನ್ ಎಂಬವರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡಲ ಹಾವುಗಳಿರುವ ಕಡೆ ಬಾಳುವ ಹಾವುಮೀನುಗಳು ಈ ವಿಷವನ್ನು ಬಹಳಷ್ಟು ತಡೆದುಕೊಳ್ಳುತ್ತವೆ. ಕಡಲ ಹಾವುಗಳೇ ಇಲ್ಲದ ಸಮುದ್ರದ ಹಾವುಮೀನುಗಳು ಸ್ವಲ್ಪ ವಿಷಕ್ಕೇ ಸಾಯುತ್ತವೆ. ಅಂದರೆ ಈ ವಿಷ ಬಲವಾದದ್ದು ಮೀನಿನ ಜೊತೆಗಿನ ಹಳೆಯ ಪೈಪೋಟಿಯಲ್ಲಿ. ಮನುಷ್ಯ ಆ ಲೆಕ್ಕದಲ್ಲೇ ಇಲ್ಲ.

ಆದ್ದರಿಂದಲೇ ಇರಬೇಕು, ಕಡಲ ಕಟ್ಟುಹಾವು ಮನುಷ್ಯರನ್ನು ಕಚ್ಚುವುದು ಬಹಳ ವಿರಳ. ಮುಳುಗುಗಾರರ ಪಕ್ಕದಲ್ಲೇ ಹಾದುಹೋಗುತ್ತದೆ. ದಡದಲ್ಲಿ ಕಂಡರೆ ಬಂಡೆಯ ಸಂದಿಗೆ ಸರಿಯುತ್ತದೆ. ಕೈಯಲ್ಲಿ ಹಿಡಿದರೆ, ಬಲೆಯಿಂದ ಬಿಡಿಸಲು ಹೋದರೆ, ತುಳಿದರೆ ಮಾತ್ರ ಅಪಾಯ. ಕಚ್ಚದ ಹಾವು ಎಂದು ಮಾತ್ರ ಯಾರೂ ತಿಳಿಯಬಾರದು. ಅದು ಕಚ್ಚಲು ಮನಸ್ಸಿಲ್ಲದ ಹಾವು. ಈ ಎರಡಕ್ಕೂ ವ್ಯತ್ಯಾಸವಿದೆ.

ಇನ್ನು ಆ ತಾಯಿಯ ಮೊದಲ ಪ್ರಶ್ನೆ. ಕಡಲ ಹಾವಿಗೆ ದಡದಲ್ಲಿ ಏನು ಕೆಲಸ?

ಇರುವ ಕೆಲಸವೆಲ್ಲ ದಡದಲ್ಲೇ. ಕಡಲಲ್ಲಿ ಅದಕ್ಕಿರುವುದು ಊಟವೊಂದೇ. ದೊಡ್ಡ ಹಾವುಮೀನು ನುಂಗಿದ ಮೇಲೆ ಹೊಟ್ಟೆ ಭಾರವಾಗಿ ಈಜುವುದು ಕಷ್ಟ. ಆಗ ಅದು ದಡಕ್ಕೆ ಬಂದು ಬೆಚ್ಚಗೆ ಬಿದ್ದುಕೊಂಡು ಅರಗಿಸಿಕೊಳ್ಳುತ್ತದೆ. ಪೊರೆ ಬಿಡುವುದು ದಡದಲ್ಲಿ. ಗಂಡು ಹೆಣ್ಣು ಕೂಡುವುದು ದಡದಲ್ಲಿ. ಪೂರ್ತಿ ಕಡಲಿನ ಹಾವುಗಳು ಮರಿ ಹಾಕಿದರೆ ಇದು ಮೊಟ್ಟೆ ಇಡುತ್ತದೆ, ಅದೂ ನೀರು ತಾಗದ ಬಂಡೆಯ ಸಂದಿಯಲ್ಲಿ. ಇದರ ಮೈಗೆ ಹತ್ತುವ ಒಂದು ಜಾತಿಯ ಉಣುಗು ಕೂಡ ನೆಲದಿಂದಲೇ ಬಂದದ್ದು. ದನಕ್ಕೆ ಹತ್ತುವ ಉಣುಗಿನಂಥದ್ದೇ. ಬದುಕಿನ ಸರಿಸುಮಾರು ಅರ್ಧ ಕಾಲವನ್ನು ಅದು ದಡದಲ್ಲೇ ಕಳೆಯುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಆಶ್ಚರ್ಯ ತಂದದ್ದು ನೀರಿನ ವಿಷಯ. ಕಡಲ ಹಾವು ಕಡಲ ನೀರನ್ನೇ ಕುಡಿದು ಬದುಕುತ್ತದೆ, ಅದರ ನಾಲಿಗೆಯ ಕೆಳಗಿನ ಗ್ರಂಥಿ ಉಪ್ಪನ್ನು ಹೊರಗೆ ಹಾಕುತ್ತದೆ ಎಂದು ಬಹುಕಾಲ ನಂಬಿದ್ದರು. ಗ್ರಂಥಿ ಇರುವುದು ನಿಜ. ಆದರೆ ಅಮೆರಿಕದ ಹಾರ್ವೆ ಲಿಲಿವೈಟ್ ಮತ್ತು ಅವರ ಜೊತೆಗಾರರು ತೈವಾನಿನ ಆರ್ಕಿಡ್ ದ್ವೀಪದಲ್ಲಿ ಈ ಹಾವುಗಳ ಮೂರು ಜಾತಿಗಳನ್ನು ಪರೀಕ್ಷಿಸಿ 2008ರಲ್ಲಿ ಬೇರೆಯೇ ಮಾತು ಹೇಳಿದರು. ಬಾಯಾರಿದ ಹಾವಿನ ಮುಂದೆ ಕಡಲ ನೀರಿಟ್ಟರೆ ಅದು ಮುಟ್ಟಲಿಲ್ಲ. ಸಿಹಿ ನೀರಿಟ್ಟರೆ ಕುಡಿಯಿತು. ಬಹಳ ತೆಳುಮಾಡಿದ ಉಪ್ಪು ನೀರನ್ನೂ ಕುಡಿಯಿತು. ದ್ವೀಪದಲ್ಲೂ ಸಿಹಿನೀರಿನ ಒರತೆ ಕಡಲಿಗೆ ಸೇರುವ ಕಡೆಗಳಲ್ಲೇ ಈ ಹಾವುಗಳು ಹೆಚ್ಚಾಗಿ ಕಾಣುತ್ತಿದ್ದವು.

ಯೋಚಿಸಿ ನೋಡಿ. ಸುತ್ತ ಮುತ್ತ ಕಣ್ಣು ಹಾಯುವಷ್ಟೂ ನೀರು, ಆದರೆ ಕುಡಿಯಲು ಬೇಕಾದದ್ದು ಮಳೆಯ ಹನಿ, ಒರತೆಯ ನೀರು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಅಂಡಮಾನಿನಂಥ ಕಡೆ ಅದಕ್ಕೆ ಕೊರತೆಯಿಲ್ಲ. ಆದರೆ ಮಳೆ ಕೈಕೊಟ್ಟರೆ, ಒರತೆ ಬತ್ತಿದರೆ, ಕಡಲಿನ ನಡುವೆಯೇ ಅದು ಬಾಯಾರಬೇಕು.

ಈಗ ದೋಣಿಯವನ ಮಾತಿಗೆ ಬರುತ್ತೇನೆ. "ಘರ್ ಜಾ ರಹಾ ಹೈ." ಯಾವುದೋ ದಡ ಸಿಕ್ಕರೆ ಸಾಕಲ್ಲವೇ? ಇಲ್ಲಿ ಓಡಿಸಿದರೆ ಪಕ್ಕದ ದ್ವೀಪಕ್ಕೆ ಹೋಗುತ್ತದೆ, ಹಾವಿಗೆಂಥ ಊರು, ಎಂಥ ಮನೆ? ಹೀಗೆ ನಾನೂ ಅಂದುಕೊಂಡಿದ್ದೆ.

ಫಿಜಿಯಲ್ಲಿ ಸೋಹನ್ ಶೆಟ್ಟಿ ಮತ್ತು ರಿಚರ್ಡ್ ಶೈನ್ ಎಂಬ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಸುಮಾರು 5 ಕಿಲೋಮೀಟರ್ ಅಂತರದಲ್ಲಿರುವ ಎರಡು ಪುಟ್ಟ ದ್ವೀಪಗಳು, ಮಬುವಲಾವು ಮತ್ತು ಟೊಬೆರುವಾ. ಎರಡರಲ್ಲೂ ಹಳದಿ ತುಟಿಯ ಕಡಲ ಕಟ್ಟುಹಾವುಗಳು ಧಾರಾಳ. ಹಾವುಗಳನ್ನು ಹಿಡಿದು, ಗುರುತು ಮಾಡಿ, ಬಿಟ್ಟರು. ತಾವಾಗಿ ಒಂದು ದ್ವೀಪದ ಹಾವು ಇನ್ನೊಂದು ದ್ವೀಪಕ್ಕೆ ಹೋದದ್ದು ಕಾಣಲಿಲ್ಲ. ಆಮೇಲೆ ಕೆಲವನ್ನು ಬೇಕೆಂದೇ ಒಯ್ದು ಪಕ್ಕದ ದ್ವೀಪದಲ್ಲಿ ಬಿಟ್ಟರು. ಅಲ್ಲೂ ಅದೇ ಬಂಡೆ, ಅದೇ ಮೀನು, ಅದೇ ಜಾತಿಯ ನೆಂಟರಿಷ್ಟರು. ಆದರೂ ಮತ್ತೆ ಕೈಗೆ ಸಿಕ್ಕ ಹಾವುಗಳು ಸಿಕ್ಕಿದ್ದು ತಮ್ಮ ಹಳೆಯ ದ್ವೀಪದಲ್ಲೇ. ನಡುವಿನ ಕಡಲನ್ನು ಈಜಿಕೊಂಡು ಮನೆಗೆ ವಾಪಸು ಬಂದಿದ್ದವು. ಈ ಅಧ್ಯಯನ 2002ರಲ್ಲಿ ಪ್ರಕಟವಾಯಿತು.

ಅಂದರೆ ದೋಣಿಯವನು ಆಡಿದ್ದು ಬರೀ ಮಾತಿನ ಚಮತ್ಕಾರವಲ್ಲ. ಆ ಹಾವು ನಿಜವಾಗಿ ಮನೆಗೇ ಹೋಗುತ್ತಿತ್ತು.

ಇದರಲ್ಲಿ ಒಂದು ಕಷ್ಟವೂ ಇದೆ. ಮನೆ ಒಂದೇ ಆದವರಿಗೆ ಅದು ಹೋದರೆ ಬೇರೆಯಿಲ್ಲ. ಒಂದು ದಡದ ಹಾವುಗಳನ್ನು ಬಡಿದು ಮುಗಿಸಿದರೆ ಪಕ್ಕದ ದ್ವೀಪದವು ಬಂದು ಆ ಜಾಗ ತುಂಬುತ್ತವೆ ಎಂದು ನಂಬಿ ಕೂರುವ ಹಾಗಿಲ್ಲ. ಫಿಲಿಪ್ಪೀನ್ಸಿನ ಗಾಟೋ ಎಂಬ ಪುಟ್ಟ ದ್ವೀಪದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಕಡಲ ಕಟ್ಟುಹಾವುಗಳನ್ನು ಗುಂಪು ಗುಂಪಾಗಿ ಹಿಡಿದರು. ಚೀಲ, ಚಪ್ಪಲಿ ಆಗಿ ಅವು ದೇಶಾಂತರ ಹೋದವು. ತುಂಬಿ ತುಳುಕುತ್ತಿದ್ದ ಹಾವುಗಳ ಸಂಖ್ಯೆ ಕುಸಿದುಹೋಯಿತು. ಅವನ್ನು ಹಿಡಿಯುವುದು ಸುಲಭ. ಕಚ್ಚಲು ಬರುವುದಿಲ್ಲ, ಅದೇ ದಡಕ್ಕೆ ಮತ್ತೆ ಮತ್ತೆ ಬರುತ್ತವೆ. ಅವುಗಳ ಒಳ್ಳೆಯ ಗುಣವೇ ಅವುಗಳಿಗೆ ಮುಳುವಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಶಾಂತ ಸಾಗರದ ಸಾಲೊಮನ್ ದ್ವೀಪಗಳಲ್ಲಿ ರೆನ್ನೆಲ್ ಎಂಬ ದ್ವೀಪವಿದೆ. ಅದರ ಒಡಲಲ್ಲಿ ಟೆಗಾನೋ ಎಂಬ ದೊಡ್ಡ ಸರೋವರ, ನೀರು ತುಸು ಉಪ್ಪು. ಆ ಸರೋವರದಲ್ಲಿ ಕಡಲ ಕಟ್ಟುಹಾವಿನ ಒಂದು ಜಾತಿಯಿದೆ, ಲ್ಯಾಟಿಕಾಡಾ ಕ್ರೋಕೆರಿ. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಅಂದರೆ ಒಂದು ಇಡೀ ಜಾತಿಗೆ ಇರುವುದು ಒಂದೇ ದ್ವೀಪ, ಒಂದೇ ಕೆರೆ. ಈ ಸರೋವರವಿರುವ ಪೂರ್ವ ರೆನ್ನೆಲ್ ಪ್ರದೇಶವನ್ನು 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರ ಕಡಿಯುವ ಉದ್ಯಮದ ಭಯದಿಂದ 2013ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. ಆ ಕೆರೆ ಕೆಟ್ಟರೆ ಆ ಹಾವು ಎಲ್ಲಿಗೆ ಹೋಗಬೇಕು?

ನಮ್ಮ ಅಂಡಮಾನಿನ ಹಳದಿ ತುಟಿಯ ಹಾವಿಗೆ ಇವತ್ತು ಅಂಥ ಕುತ್ತಿಲ್ಲ. ಜಾತಿಯಾಗಿ ಅದು ಬಹಳ ಕಡೆ ಇದೆ. ಆದರೆ ಪ್ರತಿಯೊಂದು ದ್ವೀಪದ ಹಾವುಗಳಿಗೆ ತಮ್ಮದೇ ದಡ ಬೇಕು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಅಂಡಮಾನಿನ ಉತ್ತರದ ಕೆಲವು ದಡಗಳು ಮೇಲೆದ್ದು ಹವಳದ ಬಂಡೆಗಳು ಒಣಗಿ ನಿಂತವು, ನಿಕೋಬಾರಿನ ದಡಗಳು ಕುಸಿದು ನೀರಿಗಿಳಿದವು. ಅದು ಪ್ರಕೃತಿಯ ಏಟು, ಯಾರ ಕೈಯಲ್ಲೂ ಇರಲಿಲ್ಲ. ದಡಕ್ಕೆ ಗೋಡೆ ಕಟ್ಟುವುದು, ಬಂಡೆ ಒಡೆಯುವುದು, ಕಂಡ ಹಾವಿಗೆಲ್ಲ ಕಲ್ಲು ಹೊಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ.

ಕೇಳುಗರೇ, ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇವತ್ತಿನ ಮಾತು ಕೇಳಿ ಯಾರೂ ಜುಹೂ ದಡದಲ್ಲೋ, ಊರಿಗೆ ಹೋದಾಗ ಮಲ್ಪೆಯಲ್ಲೋ, ಕಾರವಾರದಲ್ಲೋ ಬಿದ್ದಿರುವ ಹಾವನ್ನು ಪಾಪದ್ದು ಎಂದು ಮುಟ್ಟಬೇಡಿ. ಮೊದಲೇ ಹೇಳಿದೆನಲ್ಲ, ನಮ್ಮ ಪಶ್ಚಿಮ ಕರಾವಳಿಯ ಹಾವುಗಳು ಇನ್ನೊಂದು ಬಳಗದವು. ಅವುಗಳಲ್ಲಿ ಕೊಕ್ಕೆ ಮೂಗಿನ ಕಡಲ ಹಾವು ಎಂಬುದಿದೆ. ಮೀನುಗಾರರ ಸಾವುಗಳಿಗೆ ಹೆಚ್ಚಾಗಿ ಕಾರಣ ಎಂದು ಹೆಸರಾದದ್ದು ಅದು. ಸತ್ತಂತೆ ಬಿದ್ದಿರುವ ಹಾವು ಸತ್ತಿರಬೇಕೆಂದಿಲ್ಲ.

ಕಡಲ ಹಾವಿನ ಕಡಿತ ಹೆಚ್ಚಾಗಿ ನೋಯುವುದಿಲ್ಲ, ಮುಳ್ಳು ಚುಚ್ಚಿದಂತೆ ಇರಬಹುದು. ಅದೇ ಅಪಾಯ. ಏನೂ ಆಗಿಲ್ಲ ಎಂದು ಜನ ಸುಮ್ಮನಿರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಮೈಕೈ ಸ್ನಾಯುಗಳು ನೋಯುವುದು, ಮೂತ್ರ ಕಪ್ಪಾಗುವುದು ಕಾಣಿಸಬಹುದು. ಗಾಯ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ರಕ್ತ ನಿಲ್ಲುವಂತೆ ಹಗ್ಗ ಬಿಗಿಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲುಗದ ಹಾಗೆ ಕೋಲು ಕಟ್ಟಿ, ಕೃತಕ ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕಚ್ಚಿದ್ದು ಕಡಲ ಹಾವು ಎಂದು ವೈದ್ಯರಿಗೆ ಮೊದಲೇ ಹೇಳಿ. ಯಾಕೆಂದರೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ತಯಾರಾಗುವುದು ನೆಲದ ನಾಲ್ಕು ಹಾವುಗಳಿಗಾಗಿ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಡಲ ಹಾವಿನದ್ದು ಆ ಪಟ್ಟಿಯಲ್ಲಿಲ್ಲ. ಉಸಿರಾಟವನ್ನು ಯಂತ್ರದಿಂದ ನಡೆಸುತ್ತಾ ವಿಷ ಇಳಿಯುವವರೆಗೆ ಕಾಯುವುದೇ ಎಷ್ಟೋ ಸಲ ಪ್ರಾಣ ಉಳಿಸುತ್ತದೆ. ನಮ್ಮ ನಡುವೆ ಸಸೂನ್ ಡಾಕ್‌ನಲ್ಲಿ ದುಡಿಯುವವರಿದ್ದಾರೆ, ಊರಿನಲ್ಲಿ ದೋಣಿಗೆ ಹೋಗುವ ಅಣ್ಣತಮ್ಮಂದಿರಿದ್ದಾರೆ. ದಯವಿಟ್ಟು ಇದನ್ನು ಅವರಿಗೆ ತಿಳಿಸಿ. ಬಲೆಯ ಹಾವನ್ನು ಬರಿಗೈಯಲ್ಲಿ ಬಿಡಿಸಬೇಡಿ ಎನ್ನಿ. ನನ್ನ ಅಜ್ಜಿಯ ಊರಿನವರು ಕೋಲಿನಿಂದ ಎತ್ತಿ ನೀರಿಗೆ ಬಿಡುತ್ತಿದ್ದರಲ್ಲ, ಆ ಹಳೆಯ ಪದ್ಧತಿಯೇ ಹಾವಿಗೂ ಮನುಷ್ಯನಿಗೂ ಒಳ್ಳೆಯದು.

ಇನ್ನು ಡೊಂಬಿವಲಿಯ ತಾಯಿಯ ಕೊನೆಯ ಪ್ರಶ್ನೆ. ಬಿಟ್ಟು ಬಂದದ್ದು ಸರಿಯೇ?

ಅಮ್ಮಾ, ನಿಮ್ಮ ಭಯ ಸುಳ್ಳಲ್ಲ. ಮಕ್ಕಳಿರುವ ಮನೆಯಲ್ಲಿ ಹಾವೆಂದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಅಂದಿನ ಸಂಜೆಯ ಲೆಕ್ಕ ಹಾಕಿ. ಆ ಹಾವು ಯಾರ ಕಡೆಗೂ ಬರುತ್ತಿರಲಿಲ್ಲ, ಬಂಡೆಯ ಕಡೆಗೆ ಹೋಗುತ್ತಿತ್ತು. ಅಲ್ಲಿ ಕಡಿತದ ಅಪಾಯ ಹೆಚ್ಚಾಗುತ್ತಿದ್ದದ್ದು ಒಂದೇ ಕಾರಣಕ್ಕೆ, ಯಾರಾದರೂ ಹತ್ತಿರ ಹೋಗಿ ಹೊಡೆಯಲು ಕೈ ಎತ್ತಿದ್ದರೆ. ಕಲ್ಲು ಕೆಳಗಿಟ್ಟದ್ದರಿಂದ ಹಾವಿನ ಜೀವವಷ್ಟೇ ಅಲ್ಲ, ನಿಮ್ಮ ಮಗನ ಜೀವವೂ ಕ್ಷೇಮವಾಯಿತು. ಬೇರೆ ಮಗುವಿನ ಚಿಂತೆ ನಿಮ್ಮದು. ಆ ಮಗುವಿಗೆ ಬೇಕಾದದ್ದು ಸತ್ತ ಹಾವಲ್ಲ, "ಕತ್ತಲಲ್ಲಿ ಬಂಡೆಯ ಸಂದಿಗೆ ಕೈ ಹಾಕಬೇಡ, ಹಾವು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿ" ಎಂದು ಹೇಳಿಕೊಡುವ ಒಬ್ಬ ದೊಡ್ಡವರು. ಅಂದು ಆ ಕೆಲಸವನ್ನು ದೋಣಿಯವನು ಮಾಡಿದ. ಇನ್ನು ಮುಂದೆ ನಿಮ್ಮ ಮಗನೇ ಮಾಡಬಲ್ಲ.

ನಾವೆಲ್ಲ ಹೊಟ್ಟೆಪಾಡಿಗೆ ಈ ಮಹಾನಗರಕ್ಕೆ ಬಂದವರು. ಇಲ್ಲಿ ದುಡಿಯುತ್ತೇವೆ, ಇಲ್ಲಿಯ ಜನರ ಜೊತೆ ಬೆರೆತಿದ್ದೇವೆ. ಆದರೂ ಮನೆಯಲ್ಲಿ ಮದುವೆ ಎಂದರೆ, ಬಾಣಂತನ ಎಂದರೆ, ಮೈಗೆ ಹುಷಾರಿಲ್ಲ ಎಂದರೆ ಊರಿನ ಬಾವಿಯ ನೀರು ನೆನಪಾಗುತ್ತದೆ. ಮೇ ತಿಂಗಳ ರೈಲಿಗೆ ಟಿಕೆಟ್ ಸಿಗದಿದ್ದರೆ ಎಷ್ಟು ಒದ್ದಾಡುತ್ತೇವೆ! ಹಾವಿಗೂ ಮನುಷ್ಯನಿಗೂ ಹೋಲಿಕೆ ಬೇಡ, ಅದರ ಮನಸ್ಸಿನಲ್ಲಿ ಏನಿದೆ ಎಂದು ಬಲ್ಲವರಿಲ್ಲ. ಆದರೆ 5 ಕಿಲೋಮೀಟರ್ ಕಡಲು ಈಜಿ ತನ್ನದೇ ಬಂಡೆಗೆ ಮರಳುವ ಜೀವವನ್ನು ಕಂಡಾಗ, ದಾರಿ ಬಿಡುವಷ್ಟು ಸೌಜನ್ಯವನ್ನು ನಾವು ತೋರಿಸಬಹುದು.

ಮುಂದಿನ ವಾರ ಇದೇ ಸಮಯಕ್ಕೆ ಮತ್ತೆ ಭೇಟಿಯಾಗೋಣ. ನಿಮ್ಮ ಪ್ರಶ್ನೆಗಳನ್ನು ಬರೆದು ಕಳಿಸಿ. ಹಾಡು ಕೇಳಿ ಬರೆದರೂ ಬೇಸರವಿಲ್ಲ.